ಬಂದೂಕು ನಿಮ್ಮ ಕೈಯಲ್ಲಿ, ಕಥೆ ಇನ್ನೊಬ್ಬರ ಬಾಯಲ್ಲಿ: ಸುಳ್ಳು ಹೇಳುವ ಶೂಟರ್ ಗೇಮ್‌ಗಳನ್ನು ಆಡುವ ಬಗೆ

ಪರದೆಯ ಮೇಲೆ ಕಪ್ಪು ಬಿಳುಪು ಚಿತ್ರ. ಮೇಲಿನಿಂದ ಕಾಣುವ ಒಂದು ಸೇನಾ ಶಿಬಿರ. ಅಲ್ಲಲ್ಲಿ ಬಿಳಿ ಚುಕ್ಕಿಗಳು ಓಡಾಡುತ್ತಿವೆ. ಗುರಿ ಇಟ್ಟು ಬಟನ್ ಒತ್ತಿದರೆ ಬಿಳಿ ಹೊಗೆ ಏಳುತ್ತದೆ, ಚುಕ್ಕಿಗಳು ಒಂದೊಂದಾಗಿ ನಿಂತುಹೋಗುತ್ತವೆ. ಕೊನೆಗೆ ಒಂದು ಕಡೆ ಚುಕ್ಕಿಗಳ ದೊಡ್ಡ ಗುಂಪು ಕಂಡಿತು. ನಾನು ಅಲ್ಲಿಗೂ ಗುರಿ ಇಟ್ಟೆ. ಒಂದೇ ಏಟಿಗೆ ಎಲ್ಲ ಮುಗಿಯುತ್ತದೆ ಅನ್ನುವುದು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಆಮೇಲೆ ಆ ಶಿಬಿರದ ನಡುವೆ ನಡೆದು ಹೋಗಬೇಕಾಯಿತು. ಆ ಗುಂಪು ಸೈನಿಕರದ್ದಲ್ಲ, ಅಲ್ಲಿ ಇದ್ದ ಸಾಮಾನ್ಯ ಜನರದ್ದು. ಒಬ್ಬ ತಾಯಿ ಮಗುವನ್ನು ಅಪ್ಪಿಕೊಂಡ ಹಾಗೇ ಸುಟ್ಟುಹೋಗಿದ್ದಳು.

ಇದು 2012ರಲ್ಲಿ ಬಂದ ‘ಸ್ಪೆಕ್ ಆಪ್ಸ್: ದ ಲೈನ್’. ಆ ದಿನ ನಾನು ಗೇಮ್ ನಿಲ್ಲಿಸಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ಬೇಜಾರು ಆದದ್ದು ಸತ್ತವರನ್ನು ನೋಡಿ ಮಾತ್ರ ಅಲ್ಲ. ಆ ಕ್ಯಾಮೆರಾ ತೋರಿಸಿದ ಚುಕ್ಕಿಗಳೆಲ್ಲ ಶತ್ರುಗಳೇ ಎಂದು ನಾನು ನಂಬಿದ್ದೆ. ಯಾಕೆ ನಂಬಿದೆ? ಯಾರೂ ಹಾಗೆ ಹೇಳಿರಲಿಲ್ಲವಲ್ಲ?

ಕಥೆ ಹೇಳುವವನ ಮಾತನ್ನೇ ನಂಬಲಾಗದಿದ್ದರೆ ಅವನನ್ನು ‘ನಂಬಲಾಗದ ನಿರೂಪಕ’ ಅನ್ನುತ್ತಾರೆ. ಈ ಹೆಸರನ್ನು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಕಾದಂಬರಿಗಳ ಬಗ್ಗೆ ಬರೆಯುವಾಗ ಬಳಕೆಗೆ ತಂದರು. ಪುಸ್ತಕದಲ್ಲಿ ಅಂಥವನು ಸುಳ್ಳು ಹೇಳಿದರೆ ನಾವು ಮೋಸಹೋದ ಓದುಗರು, ಅಷ್ಟೇ. ಶೂಟರ್ ಗೇಮ್‌ನಲ್ಲಿ ಹಾಗಲ್ಲ. ಅವನ ಸುಳ್ಳನ್ನು ನಂಬಿ ಗುಂಡು ಹಾರಿಸಿದವರು ನಾವೇ. ಈ ಗೇಮ್‌ಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಹಾಗಾಗಿ ಇವನ್ನು ಆಡುವ ರೀತಿಯೂ ಸ್ವಲ್ಪ ಬೇರೆ ಇರಬೇಕು. ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಒಂದು ಎಚ್ಚರಿಕೆ. ‘ಸ್ಪೆಕ್ ಆಪ್ಸ್’, ‘ಬಯೋಶಾಕ್’, ‘ಕಾಲ್ ಆಫ್ ಡ್ಯೂಟಿ’ಯ ‘ಬ್ಲ್ಯಾಕ್ ಆಪ್ಸ್’ ಸರಣಿ, ‘ಹೇಜ್’, ‘ಹಾಟ್‌ಲೈನ್ ಮಯಾಮಿ’, ಇವುಗಳ ಗುಟ್ಟುಗಳನ್ನು ಕೆಳಗೆ ಬಿಟ್ಟುಕೊಟ್ಟಿದ್ದೇನೆ. ಯಾವುದಾದರೂ ಒಂದನ್ನು ಏನೂ ತಿಳಿಯದೆ ಆಡಬೇಕು ಅನ್ನುವ ಆಸೆ ಇದ್ದರೆ, ಮೊದಲು ಅದನ್ನು ಆಡಿ ಮುಗಿಸಿ ಬನ್ನಿ.

ಹೆಜ್ಜೆ 1: ಬಹಿರಂಗವಾಗಿ ಸುಳ್ಳು ಹೇಳುವವನಿಂದ ಶುರು ಮಾಡಿ

ಮೊದಲ ಸಲಕ್ಕೆ ‘ಕಾಲ್ ಆಫ್ ವಾರೆಸ್: ಗನ್‌ಸ್ಲಿಂಗರ್’ ಆಡಿ. ಟೆಕ್‌ಲ್ಯಾಂಡ್ ಸ್ಟುಡಿಯೋ 2013ರಲ್ಲಿ ತಂದ ಚಿಕ್ಕ ಗೇಮ್. ಕಾಲ 1910, ಜಾಗ ಕ್ಯಾನ್ಸಸ್‌ನ ಆ್ಯಬಿಲೀನ್ ಊರಿನ ಒಂದು ಸಲೂನ್, ಅಂದರೆ ಹೆಂಡದಂಗಡಿ. ಸೈಲಸ್ ಗ್ರೀವ್ಸ್ ಅನ್ನುವ ಮುದುಕ ಒಳಗೆ ಬರುತ್ತಾನೆ. ಅಲ್ಲಿದ್ದವರು ಅವನಿಗೆ ಕುಡಿಯಲು ಕೊಡಿಸುತ್ತಾರೆ, ಅವನು ತನ್ನ ಹಳೆಯ ಸಾಹಸಗಳನ್ನು ಬಿಚ್ಚುತ್ತಾನೆ. ನಾವು ಆಡುವುದು ಆ ಕಥೆಗಳನ್ನೇ.

ಇಲ್ಲಿನ ಸೊಗಸು ಏನು ಅಂದರೆ, ಅವನ ಮಾತು ಬದಲಾದರೆ ನಮ್ಮ ಕಾಲಡಿಯ ನೆಲವೂ ಬದಲಾಗುತ್ತದೆ. ಮುಂದೆ ದಾರಿ ಇಲ್ಲ ಅಂದುಕೊಂಡು ನಿಂತಿರುತ್ತೀರಿ. ಆಗ ಮುದುಕನಿಗೆ ಏನೋ ನೆನಪಾಗುತ್ತದೆ, ನಿಮ್ಮ ಕಣ್ಣೆದುರೇ ದಾರಿ ತೆರೆದುಕೊಳ್ಳುತ್ತದೆ. ಕೇಳುತ್ತಿದ್ದವನೊಬ್ಬ ಅಡ್ಡ ಬಾಯಿ ಹಾಕಿದರೆ ಸೈಲಸ್ ತಿದ್ದಿಕೊಳ್ಳುತ್ತಾನೆ, ಈಗಷ್ಟೇ ಆಡಿದ ಜಗಳ ನಡೆದೇ ಇಲ್ಲ ಅನ್ನುವಂತಾಗುತ್ತದೆ. ಆದರೆ ಆ ಗುಂಡುಗಳನ್ನು ನೀವು ನಿಜವಾಗಿಯೂ ಹಾರಿಸಿದ್ದಿರಿ ಅಲ್ವಾ? ಬೆರಳಿಗೆ ಆ ನೆನಪು ಇದೆ, ಕಥೆಯಲ್ಲಿ ಮಾತ್ರ ಇಲ್ಲ.

ಇದೇ ಗೇಮ್‌ನಲ್ಲಿ ಅಲ್ಲಲ್ಲಿ ಅಡಗಿಸಿಟ್ಟ ಸತ್ಯದ ತುಣುಕುಗಳಿವೆ. ಒಂದು ಸಿಕ್ಕಾಗಲೆಲ್ಲ ಅಮೆರಿಕದ ಹಳೆಯ ಬಂದೂಕುಕೋರ ಬಿಲ್ಲಿ ದ ಕಿಡ್‌ನಂಥವರ ನಿಜವಾದ ಚರಿತ್ರೆಯನ್ನು ಓದಬಹುದು. ದಯವಿಟ್ಟು ಇವನ್ನು ಬಿಟ್ಟು ಮುಂದೆ ಓಡಬೇಡಿ. ಮುದುಕನ ಬುರುಡೆ ಒಂದು ಕಡೆ, ದಾಖಲಾದ ಸಂಗತಿ ಇನ್ನೊಂದು ಕಡೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಇಲ್ಲೇ ಶುರುವಾಗಲಿ.

ಆಮೇಲೆ ‘ಬಯೋಶಾಕ್’, ಅದಾದ ಮೇಲೆ ‘ಬ್ಲ್ಯಾಕ್ ಆಪ್ಸ್’. ‘ಸ್ಪೆಕ್ ಆಪ್ಸ್’ ಕೊನೆಗಿರಲಿ. ಅದನ್ನು 2024ರ ಜನವರಿಯಲ್ಲಿ ಡಿಜಿಟಲ್ ಸ್ಟೋರ್‌ಗಳಿಂದ ತೆಗೆದುಹಾಕಿದರು, ಪರವಾನಗಿಗಳ ಅವಧಿ ಮುಗಿದಿತ್ತು. ಮೊದಲೇ ಕೊಂಡವರಿಗೆ ತೊಂದರೆ ಇಲ್ಲ. ಉಳಿದವರು ಹಳೆಯ ಡಿಸ್ಕ್ ಹುಡುಕಬೇಕು. ಹುಡುಕುವಷ್ಟು ಬೆಲೆಬಾಳುವ ಗೇಮ್ ಅದು.

ಹೆಜ್ಜೆ 2: ಆಡುವ ಮೊದಲು ಮೂರು ಸಣ್ಣ ಕೆಲಸ

ಸಬ್‌ಟೈಟಲ್ ಆನ್ ಮಾಡಿ. ಹೆಡ್‌ಫೋನ್ ಹಾಕಿಕೊಳ್ಳಿ. ಗೇಮ್ ಎಷ್ಟು ಕಷ್ಟ ಇರಬೇಕು ಎಂದು ಕೇಳಿದಾಗ ಈಸಿ ಅಂತಲೇ ಆರಿಸಿ. ಕಷ್ಟ ಜಾಸ್ತಿ ಆದರೆ ಮನಸ್ಸೆಲ್ಲ ಗುಂಡು ತಪ್ಪಿಸಿಕೊಳ್ಳುವುದರಲ್ಲೇ ಇರುತ್ತದೆ, ಕಿವಿ ಮುಚ್ಚಿಹೋಗುತ್ತದೆ. ಸುಳ್ಳುಗಳು ಹೆಚ್ಚಾಗಿ ನುಸುಳುವುದು ಆಗಲೇ.

ಹೆಜ್ಜೆ 3: ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಅನ್ನುವ ಗಾದೆ ಇದೆಯಲ್ಲ, ಫಸ್ಟ್ ಪರ್ಸನ್ ಶೂಟರ್‌ಗೆ ಅದಕ್ಕಿಂತ ಒಳ್ಳೆಯ ಸಲಹೆ ನನಗೆ ಗೊತ್ತಿಲ್ಲ. ಈ ಗೇಮ್‌ಗಳಲ್ಲಿ ಕ್ಯಾಮೆರಾನೇ ನಮ್ಮ ಕಣ್ಣು. ಕಣ್ಣಿಗೆ ಕಂಡದ್ದು ನಿಜ ಅಂತಲೇ ಮನಸ್ಸು ತಗೊಳ್ಳುತ್ತದೆ. ಆದರೆ ಅದು ನಮ್ಮ ಕಣ್ಣಲ್ಲ, ಪಾತ್ರದ ಕಣ್ಣು. ಅವನ ತಲೆ ಕೆಟ್ಟಿದ್ದರೆ ನಮಗೆ ಕಾಣುವುದೂ ಕೆಟ್ಟಿರುತ್ತದೆ.

ಅದಕ್ಕೇ ಮೂರು ಕಾಲಂ: ಹೇಳಿದ್ದು, ಕಂಡದ್ದು, ಮಾಡಿದ್ದು. ಪ್ರತಿ ಮಿಷನ್ ಮುಗಿದ ಮೇಲೆ ಎರಡೆರಡು ಸಾಲು ಬರೆಯಿರಿ. ಜಾಸ್ತಿ ಬೇಡ, ಆಟ ಪರೀಕ್ಷೆ ಆಗಬಾರದು.

2010ರ ‘ಬ್ಲ್ಯಾಕ್ ಆಪ್ಸ್’ನಲ್ಲಿ ಇದು ಹೇಗೆ ಕೆಲಸಕ್ಕೆ ಬರುತ್ತದೆ ನೋಡಿ. ನಾವು ಆಡುವ ಪಾತ್ರ, ಅಮೆರಿಕದ ಗೂಢಚಾರ ಅಲೆಕ್ಸ್ ಮೇಸನ್‌ನನ್ನು 1968ರಲ್ಲಿ ಕುರ್ಚಿಗೆ ಕಟ್ಟಿ ವಿಚಾರಣೆ ಮಾಡುತ್ತಿದ್ದಾರೆ. ನಾವು ಆಡುವ ಮಿಷನ್‌ಗಳಲ್ಲಿ ಬಹುಪಾಲು ಅವನ ನೆನಪುಗಳು. 1963ರಲ್ಲಿ ವರ್ಕುಟಾ ಜೈಲಿನಿಂದ ತಪ್ಪಿಸಿಕೊಳ್ಳುವಾಗ ಜೊತೆಗಿದ್ದ ರಷ್ಯನ್ ಸೈನಿಕ ವಿಕ್ಟರ್ ರೆಜ್ನೋವ್ ಹಿಂದೆ ಉಳಿದುಬಿಡುತ್ತಾನೆ. ಮುಂದೆ ವಿಯೆಟ್ನಾಂನಲ್ಲಿ ಅದೇ ರೆಜ್ನೋವ್ ಮತ್ತೆ ಸಿಗುತ್ತಾನೆ, ಜೊತೆಗೇ ಓಡಾಡುತ್ತಾನೆ, ಮಾತಾಡುತ್ತಾನೆ. ನಾನು ಮೊದಲ ಸಲ ಆಡಿದಾಗ ಹಳೆ ಗೆಳೆಯ ಸಿಕ್ಕ ಎಂದು ಖುಷಿಪಟ್ಟಿದ್ದೆ.

ಎರಡನೇ ಸಲ ಹಾಳೆ ಇಟ್ಟುಕೊಂಡು ಆಡಿದೆ. ‘ಹೇಳಿದ್ದು’ ಕಾಲಂನಲ್ಲಿ ರೆಜ್ನೋವ್‌ನ ಮಾತು ತುಂಬಿತು. ಆದರೆ ಅವನ ಮಾತಿಗೆ ಓಗೊಡುವವನು ಮೇಸನ್ ಒಬ್ಬನೇ. ಬೇರೆ ಯಾರೂ ರೆಜ್ನೋವ್‌ನನ್ನು ಮಾತಾಡಿಸುವುದಿಲ್ಲ. ಇದನ್ನು ಬರೆದಿಟ್ಟ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಂಡಿತು. ರೆಬರ್ತ್ ದ್ವೀಪದ ಮಿಷನ್‌ನಲ್ಲಿ ವಿಜ್ಞಾನಿ ಸ್ಟೈನರ್ ಸಾಯುವುದನ್ನು ಎರಡು ಬಾರಿ ನೋಡುತ್ತೇವೆ. ಮೇಸನ್‌ನ ಕಣ್ಣಲ್ಲಿ ಗುಂಡು ಹಾರಿಸುವವನು ರೆಜ್ನೋವ್. ಮೇಸನ್‌ನ ಜೊತೆಗಾರ ಹಡ್ಸನ್‌ನ ಕಣ್ಣಲ್ಲಿ ಗುಂಡು ಹಾರಿಸುವವನು ಮೇಸನ್, ‘ನಾನೇ ರೆಜ್ನೋವ್’ ಎಂದು ಕೂಗುತ್ತಾ. ನಿಜವಾದ ರೆಜ್ನೋವ್ ವರ್ಕುಟಾದಲ್ಲೇ ಸತ್ತಿದ್ದ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಇಲ್ಲಿಂದ ಒಂದು ನಿಯಮ ಇಟ್ಟುಕೊಳ್ಳಿ. ಯಾವ ಪಾತ್ರದ ಮೇಲೆ ಅನುಮಾನ ಬಂದರೂ ಆ ಪಾತ್ರವನ್ನು ನೋಡಬೇಡಿ. ಸುತ್ತ ಇರುವವರನ್ನು ನೋಡಿ. ಅವರು ಅವನ ಮಾತಿಗೆ ತಿರುಗುತ್ತಾರಾ? ಅವನಿಗೆ ದಾರಿ ಬಿಡುತ್ತಾರಾ?

ಹೆಜ್ಜೆ 4: ಸುಳ್ಳು ಯಾಕೆ ಹೇಳುತ್ತಿದ್ದಾನೆ ಎಂದು ಕೇಳಿಕೊಳ್ಳಿ

ಎಲ್ಲ ಸುಳ್ಳೂ ಒಂದೇ ಜಾತಿಯದ್ದಲ್ಲ. ಸೈಲಸ್ ಎದುರಿಗಿರುವವರನ್ನು ಮೆಚ್ಚಿಸಲು ರೀಲು ಬಿಡುತ್ತಾನೆ. ಮೇಸನ್ ಸುಳ್ಳು ಹೇಳುತ್ತಿಲ್ಲ, ಅವನ ತಲೆಯೊಳಗೆ ಬೇರೆಯವರು ಕೈ ಹಾಕಿದ್ದಾರೆ. ‘ಸ್ಪೆಕ್ ಆಪ್ಸ್’ನ ನಾವು ಆಡುವ ಪಾತ್ರ ಕ್ಯಾಪ್ಟನ್ ವಾಕರ್ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಾನೆ, ಮಾಡಿದ್ದನ್ನು ಎದುರಿಸುವ ಶಕ್ತಿ ಇಲ್ಲದೆ. ಮೂರನೆಯದು ಅತಿ ಕಷ್ಟದ್ದು, ಅತಿ ಮನುಷ್ಯಸಹಜವಾದದ್ದೂ ಹೌದು.

ನಾಲ್ಕನೆಯ ಬಗೆಯೊಂದಿದೆ: ನಮ್ಮನ್ನು ಬಳಸಿಕೊಳ್ಳುವ ದನಿ. 2007ರ ‘ಬಯೋಶಾಕ್’ನಲ್ಲಿ ವಿಮಾನ ಬಿದ್ದು ಜ್ಯಾಕ್ ಎಂಬವನು ಸಮುದ್ರದಡಿಯ ರ‍್ಯಾಪ್ಚರ್ ನಗರಕ್ಕೆ ಇಳಿಯುತ್ತಾನೆ. ರೇಡಿಯೋದಲ್ಲಿ ಅಟ್ಲಾಸ್ ಎಂಬವನು ತುಂಬ ಸಜ್ಜನಿಕೆಯಿಂದ ದಾರಿ ತೋರುತ್ತಾನೆ. ಮಾತಿನ ನಡುವೆ ಒಂದು ವಿನಯದ ನುಡಿ ಪದೇ ಪದೇ ಬರುತ್ತದೆ, ನಮ್ಮಲ್ಲಿ ‘ದಯವಿಟ್ಟು’ ಅಂದಂತೆ. ಅದು ವಿನಯ ಅಲ್ಲ, ಜ್ಯಾಕ್‌ನ ತಲೆಯಲ್ಲಿ ಮೊದಲೇ ತುಂಬಿದ್ದ ಆಜ್ಞೆಯ ಪದ. ಅದು ಕಿವಿಗೆ ಬಿದ್ದರೆ ಅವನು ಹೇಳಿದ್ದನ್ನು ಮಾಡಲೇಬೇಕು. ಈ ಗುಟ್ಟನ್ನು ಆ ನಗರ ಕಟ್ಟಿದ ಆಂಡ್ರ್ಯೂ ರಾಯನ್ ಬಯಲು ಮಾಡುವ ಕ್ಷಣದಲ್ಲಿ ನಮ್ಮ ಕೈಯಿಂದ ನಿಯಂತ್ರಣ ಕಿತ್ತುಕೊಳ್ಳಲಾಗುತ್ತದೆ. ಜ್ಯಾಕ್ ಗಾಲ್ಫ್ ಕೋಲಿನಿಂದ ರಾಯನ್‌ನನ್ನು ಹೊಡೆಯುವುದನ್ನು ನಾವು ಸುಮ್ಮನೆ ನೋಡಬೇಕು. ನಿಜವಾಗಿ ನೋಯಿಸುವುದು ಇನ್ನೊಂದು: ಅದಕ್ಕೂ ಮೊದಲು ಗಂಟೆಗಟ್ಟಲೆ ನಾವೂ ಹೇಳಿದ ಕಡೆಗೇ ಹೋಗಿದ್ದೆವು. ನಮಗೆ ಯಾರೂ ಯಾವ ಪದವನ್ನೂ ತುಂಬಿರಲಿಲ್ಲ. ಪರದೆಯಲ್ಲಿ ಬಾಣದ ಗುರುತು ತೋರಿಸಿದರೆ ಸಾಕಾಗಿತ್ತು.

ಹೆಜ್ಜೆ 5: ಪಾತ್ರಗಳನ್ನು ಬಿಟ್ಟು ಗೇಮ್‌ನ ಸಾಮಾನುಗಳನ್ನು ನೋಡಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಲೋಡಿಂಗ್ ಸ್ಕ್ರೀನ್, ಮೆನು, ಮಿಷನ್ ಶುರುವಾಗುವಾಗ ಬರುವ ಅಕ್ಷರಗಳು, ಓಡುವಾಗ ಪಾತ್ರ ಕೂಗುವ ಚಿಕ್ಕ ಚಿಕ್ಕ ಮಾತು. ಇವನ್ನೆಲ್ಲ ನಾವು ಗೋಡೆಯ ಸುಣ್ಣದ ಹಾಗೆ ನೋಡಿಯೂ ನೋಡುವುದಿಲ್ಲ. ಕಥೆ ಬೇರೆ, ಇವು ಬೇರೆ ಅಂದುಕೊಂಡಿರುತ್ತೇವೆ. ಒಳ್ಳೆಯ ಕಥೆಗಾರರಿಗೆ ಇದು ಚೆನ್ನಾಗಿ ಗೊತ್ತು.

‘ಸ್ಪೆಕ್ ಆಪ್ಸ್’ ಹಿನ್ನೆಲೆ ಚಿಕ್ಕದಾಗಿ: ಮರಳು ಬಿರುಗಾಳಿಗೆ ದುಬೈ ಹೂತುಹೋಗಿದೆ. ಜನರನ್ನು ಕಾಪಾಡಲು ಉಳಿದ ಅಮೆರಿಕ ಸೇನೆಯ ಕರ್ನಲ್ ಕಾನ್ರಾಡ್ ಮತ್ತು ಅವನ 33ನೇ ಪಡೆ ಏನಾಯಿತೋ ಗೊತ್ತಿಲ್ಲ. ವಾಕರ್, ಆ್ಯಡಮ್ಸ್, ಲೂಗೋ ಎಂಬ ಮೂವರು ಹುಡುಕಿಕೊಂಡು ಬರುತ್ತಾರೆ.

ಇಲ್ಲಿ ಮೊದಲು ಲೋಡಿಂಗ್ ಸ್ಕ್ರೀನ್ ನೋಡಿ. ಶುರುವಿನಲ್ಲಿ ಎಲ್ಲ ಗೇಮ್‌ಗಳಂತೆ ಸಲಹೆಗಳು ಬರುತ್ತವೆ. ಕಥೆ ಸಾಗಿದಂತೆ ಆ ಸಾಲುಗಳು ನಮ್ಮ ಕಡೆಗೇ ತಿರುಗುತ್ತವೆ. ಈಗ ನಿನಗೆ ನಾಯಕ ಅನ್ನಿಸುತ್ತಿದೆಯಾ ಎಂದು ಕೇಳುತ್ತವೆ. ಆಮೇಲೆ ಮೆನು. ಆಟ ಬಿಟ್ಟು ಮತ್ತೆ ತೆರೆದಾಗ ಹಿಂದಿನ ಚಿತ್ರವೇ ಇದೆಯಾ ನೋಡಿ. ಕಥೆಯ ಜೊತೆ ಅದೂ ಹಾಳಾಗುತ್ತಾ ಹೋಗುತ್ತದೆ. ಆಮೇಲೆ ವಾಕರ್‌ನ ದನಿ. ಮೊದಲ ಅಧ್ಯಾಯಗಳಲ್ಲಿ ಅವನು ಶತ್ರು ಬಿದ್ದರೆ ತರಬೇತಿ ಪಡೆದ ಸೈನಿಕನಂತೆ ತಣ್ಣಗೆ ವರದಿ ಮಾಡುತ್ತಾನೆ. ಕೊನೆಯ ಹೊತ್ತಿಗೆ ಅದೇ ಮಾತು ಬೈಗುಳವಾಗಿ, ಕಿರುಚಾಟವಾಗಿ ಬದಲಾಗಿರುತ್ತದೆ. ಬಟನ್ ಅದೇ, ಆದೇಶ ಅದೇ, ಮನುಷ್ಯ ಮಾತ್ರ ಅವನಲ್ಲ. ಹೆಡ್‌ಫೋನ್ ಹಾಕಿ ಅಂದದ್ದು ಇದಕ್ಕೇ.

ಇನ್ನೊಂದು ಸೂಕ್ಷ್ಮ ಇದೆ. ಒಂದು ದೃಶ್ಯ ಮುಗಿದು ಇನ್ನೊಂದು ಬರುವಾಗ ಪರದೆ ಕೆಲವೊಮ್ಮೆ ಕಪ್ಪಾಗುತ್ತದೆ, ಕೆಲವೊಮ್ಮೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಕಡೆ ಒಂದು ಗುರುತು ಹಾಕಿಕೊಳ್ಳಿ. ವಾಕರ್ ಭ್ರಮೆಯಲ್ಲಿದ್ದಾನೆ, ಇಲ್ಲವೇ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಾನೆ ಅನ್ನುವುದಕ್ಕೆ ಅದು ಸುಳಿವು.

ಆ ಬಿಳಿ ಚುಕ್ಕಿಗಳ ದೃಶ್ಯಕ್ಕೂ ಈಗ ವಾಪಸ್ ಹೋಗಿ. ಪರದೆಯ ಮೇಲೆ ಗುರಿ ಇಡುವಾಗ ಗಾಜಿನಲ್ಲಿ ವಾಕರ್‌ನ ಮುಖ ಮಸುಕಾಗಿ ಕಾಣುತ್ತಿರುತ್ತದೆ. ನನಗೆ ಮೊದಲ ಸಲ ಅದು ಕಾಣಲೇ ಇಲ್ಲ. ಚುಕ್ಕಿಗಳ ಮೇಲೆ ಮುಖ ಬಿದ್ದಿದೆ, ಅದರೊಳಗಿಂದಲೇ ನಾನು ಗುಂಡು ಹಾಕಿದ್ದೇನೆ.

ಇದೇ ಕೆಲಸ ಬೇರೆ ಗೇಮ್‌ಗಳಲ್ಲೂ ಇದೆ. 2015ರ ‘ಬ್ಲ್ಯಾಕ್ ಆಪ್ಸ್ 3’ರಲ್ಲಿ ಮಿಷನ್ ಶುರುವಾಗುವಾಗ ಪರದೆ ತುಂಬ ಅಕ್ಷರಗಳು ಸರ್ರನೆ ಓಡುತ್ತವೆ. ನಿಲ್ಲಿಸಿ ಓದಿದವರಿಗೆ ಗೊತ್ತಾದದ್ದು: ನಾವು ಆಡುತ್ತಿರುವ ಸೈನಿಕ ಕಥೆಯ ಆರಂಭದಲ್ಲೇ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಸತ್ತಿದ್ದಾನೆ. 2008ರ ‘ಹೇಜ್’ನಲ್ಲಿ ಮ್ಯಾಂಟೆಲ್ ಕಂಪನಿಯ ಸೈನಿಕರಿಗೆ ನೆಕ್ಟರ್ ಎಂಬ ಮದ್ದು ಕೊಡುತ್ತಾರೆ. ಮದ್ದಿನ ಅಮಲಿನಲ್ಲಿ ಶತ್ರುಗಳು ಹೊಳೆಯುತ್ತಾರೆ, ಹೆಣಗಳು ಮಾಯವಾಗುತ್ತವೆ. ಅರೆ, ಎಲ್ಲ ಶೂಟರ್‌ಗಳಲ್ಲೂ ಹೆಣಗಳು ಹಾಗೇ ಮಾಯವಾಗುತ್ತವಲ್ಲ ಅಂತ ನಾವು ಪ್ರಶ್ನೆಯನ್ನೇ ಕೇಳುವುದಿಲ್ಲ. ಮದ್ದು ಇಳಿದಾಗ ಹೆಣಗಳೂ ಕಾಣುತ್ತವೆ, ನರಳಾಟವೂ ಕೇಳುತ್ತದೆ. ಆಟವಾಗಿ ‘ಹೇಜ್’ ಅಷ್ಟಕ್ಕಷ್ಟೇ, ಆದರೆ ಈ ಒಂದು ಯೋಚನೆಗಾಗಿ ನನಗೆ ಅದರ ಮೇಲೆ ಗೌರವ ಇದೆ.

ಹೆಜ್ಜೆ 6: ಹೇಳಿದ್ದನ್ನು ಮಾಡದೆ ನೋಡಿ

ಓದುಗನಿಗೆ ಇಲ್ಲದ ಒಂದು ಹಕ್ಕು ಆಟಗಾರನಿಗೆ ಇದೆ. ನಿರೂಪಕ ‘ಎಡಕ್ಕೆ ಹೋದೆ’ ಅಂದಾಗ ಬಲಕ್ಕೆ ಹೋಗಬಹುದು.

ಇದಕ್ಕೆ ಹೇಳಿ ಮಾಡಿಸಿದ್ದು 2020ರ ‘ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್’. ನಮ್ಮ ಪಾತ್ರದ ಹೆಸರು ಬೆಲ್. ತಾನು ವಿಯೆಟ್ನಾಂನಲ್ಲಿ ಹೋರಾಡಿದವನು ಎಂದು ಬೆಲ್ ನಂಬಿದ್ದಾನೆ. ಅದು ಅಮೆರಿಕದ ಗೂಢಚಾರ ಆ್ಯಡ್ಲರ್ ಮತ್ತು ಅವನ ಜೊತೆಯವರು ತುಂಬಿದ ಸುಳ್ಳು ನೆನಪು, ಬೆಲ್ ನಿಜಕ್ಕೂ ಶತ್ರು ಪೆರ್ಸಿಯಸ್‌ನ ಕಡೆಯವನು. ಒಂದು ಮಿಷನ್‌ನಲ್ಲಿ ಆ ನೆನಪಿನೊಳಗೇ ನಡೆಯುತ್ತೇವೆ. ಆ್ಯಡ್ಲರ್‌ನ ದನಿ ಮೇಲಿಂದ ಕಥೆ ಹೇಳುತ್ತಿರುತ್ತದೆ: ನೀನು ಈ ದಾರಿ ಹಿಡಿದೆ, ಹೀಗೆ ಮಾಡಿದೆ. ಬೇರೆ ದಾರಿ ಹಿಡಿದು ನೋಡಿ. ಅವನಿಗೆ ಸಿಟ್ಟು ಬರುತ್ತದೆ. ಕಥೆ ತಿದ್ದುತ್ತಾನೆ, ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾನೆ, ಎಲ್ಲಿ ಹೋದರೂ ಅದೇ ಕೆಂಪು ಬಾಗಿಲನ್ನು ಮುಂದೆ ತಂದಿಡುತ್ತಾನೆ. ಇದನ್ನು ಕನಿಷ್ಠ ಮೂರು ಸಲ, ಮೂರು ಬೇರೆ ರೀತಿಯಲ್ಲಿ ಆಡಿ. ಒಮ್ಮೆ ಹೇಳಿದಂತೆ, ಒಮ್ಮೆ ಪೂರ್ತಿ ಉಲ್ಟಾ, ಒಮ್ಮೆ ಬೆರೆಸಿ.

ಆಮೇಲೆ ಇದೇ ಗೇಮ್ ಬಟನ್ ನಿಮ್ಮ ಕೈಗೆ ಕೊಡುತ್ತದೆ. ಪೆರ್ಸಿಯಸ್ ಎಲ್ಲಿದ್ದಾನೆ ಎಂದು ಆ್ಯಡ್ಲರ್‌ಗೆ ನಿಜ ಹೇಳಬಹುದು, ಸುಳ್ಳೂ ಹೇಳಬಹುದು. ಅಷ್ಟು ಹೊತ್ತು ಸುಳ್ಳು ಕೇಳಿಸಿಕೊಂಡವರು ನಾವು, ಈಗ ಸುಳ್ಳು ಹೇಳುವವರೂ ನಾವೇ.

‘ಸ್ಪೆಕ್ ಆಪ್ಸ್’ನಲ್ಲಿ ಈ ಸ್ವಾತಂತ್ರ್ಯವನ್ನು ಯಾರೂ ಕರೆದು ಕೊಡುವುದಿಲ್ಲ, ನಾವೇ ಹುಡುಕಬೇಕು. ಇಬ್ಬರು ಮನುಷ್ಯರು ಮೇಲಿಂದ ನೇತಾಡುತ್ತಿರುತ್ತಾರೆ. ಒಬ್ಬ ನೀರು ಕದ್ದವನು, ಇನ್ನೊಬ್ಬ ಅವನನ್ನು ಹಿಡಿಯಲು ಹೋಗಿ ಅವನ ಮನೆಯವರನ್ನೇ ಕೊಂದ ಸೈನಿಕ. ಯಾರು ಸಾಯಬೇಕು ಆರಿಸು ಎಂದು ಕಾನ್ರಾಡ್‌ನ ದನಿ ರೇಡಿಯೋದಲ್ಲಿ ಹೇಳುತ್ತದೆ. ಪರದೆಯ ಮೇಲೆ ಯಾವ ಪಟ್ಟಿಯೂ ಬರುವುದಿಲ್ಲ. ಆದರೆ ಹಗ್ಗಕ್ಕೆ ಗುಂಡು ಹಾರಿಸಬಹುದು, ಕಾವಲಿಗಿರುವ ಸ್ನೈಪರ್‌ಗಳಿಗೂ ಹಾರಿಸಬಹುದು. ಮುಂದೆ ಸಿಟ್ಟಿಗೆದ್ದ ಜನರು ಸುತ್ತುವರಿದಾಗ, ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ಅವರು ಚದುರುತ್ತಾರೆ. ಇದು ನನಗೆ ಗೊತ್ತಾದದ್ದು ಎರಡನೇ ಸಲ. ಮೊದಲ ಸಲ ನಾನು ಏನು ಮಾಡಿದ್ದೆ ಅನ್ನುವುದು ‘ಮಾಡಿದ್ದು’ ಕಾಲಂನಲ್ಲಿ ಇನ್ನೂ ಇದೆ.

ಹೆಜ್ಜೆ 7: ಮೋಸ ನ್ಯಾಯವಾಗಿದೆಯಾ ನೋಡಿ

ಗುಟ್ಟು ಬಯಲಾದ ಕೂಡಲೇ ವಾವ್ ಅನ್ನಬೇಡಿ. ಹಾಳೆ ತೆರೆದು ಹಿಂದಕ್ಕೆ ಓದಿ. ಸುಳಿವು ಮೊದಲೇ ಇತ್ತಾ? ಇದ್ದರೆ ಅದು ನ್ಯಾಯವಾದ ಮೋಸ. ಕೊನೆಯಲ್ಲಿ ‘ಇದೆಲ್ಲ ಕನಸು’ ಎಂದು ಸುಮ್ಮನೆ ಕೈ ತೊಳೆದುಕೊಂಡಿದ್ದರೆ ಅದು ಸೋಮಾರಿತನ. ಈ ಲೆಕ್ಕದಲ್ಲಿ ‘ಬ್ಲ್ಯಾಕ್ ಆಪ್ಸ್ 3’ ನನಗೆ ಅಷ್ಟು ಹಿಡಿಸಲಿಲ್ಲ. ಸುಳಿವು ಇದೆ ನಿಜ, ಆದರೆ ಕಣ್ಣಿಗೆ ನಿಲ್ಲದ ವೇಗದಲ್ಲಿ ಇದೆ.

ಉತ್ತರವೇ ಇಲ್ಲದ ಮೋಸವೂ ಚೆನ್ನಾಗಿರಬಹುದು. 2012ರ ‘ಹಾಟ್‌ಲೈನ್ ಮಯಾಮಿ’ಯಲ್ಲಿ ಮೇಲಿನಿಂದ ನೋಡುತ್ತಾ ಆಡುತ್ತೇವೆ. ಅಲ್ಲಿ ಒಂದೇ ಜಗಳವನ್ನು ಇಬ್ಬರ ಕಡೆಯಿಂದ ಆಡುತ್ತೇವೆ. ಒಬ್ಬನ ಕಥೆಯಲ್ಲಿ ಬೈಕರ್ ಎಂಬವನು ಸಾಯುತ್ತಾನೆ, ಬೈಕರ್‌ನ ಕಥೆಯಲ್ಲಿ ಇನ್ನೊಬ್ಬ ಸಾಯುತ್ತಾನೆ. ಎರಡರಲ್ಲೂ ಗೆಲ್ಲಿಸಿದ್ದು ನಮ್ಮ ಬೆರಳೇ. ಇಂಥ ಕಡೆ ಯಾವುದು ನಿಜ ಎಂದು ತಲೆ ಕೆಡಿಸಿಕೊಳ್ಳುವ ಬದಲು, ಎರಡೂ ಕಥೆಗಳನ್ನು ಎದುರು ಬದುರು ಬರೆದಿಡಿ.

ಹೆಜ್ಜೆ 8: ಒಂದು ವಾರ ಬಿಟ್ಟು ಮತ್ತೆ ಆಡಿ

ಎರಡನೇ ಆಟ ಇಲ್ಲದೆ ಈ ಗೇಮ್‌ಗಳು ಅರ್ಧವೇ. ಒಂದೇ ವಾರ ಸಾಕು, ನೆನಪು ಹಸಿ ಇರುತ್ತದೆ, ಸಿಟ್ಟು ಇಳಿದಿರುತ್ತದೆ. ಈ ಸಲ ಹೊಸ ಹಾಳೆ ಬೇಡ. ಹಳೆಯದರಲ್ಲೇ ಬೇರೆ ಬಣ್ಣದ ಪೆನ್ನಿನಿಂದ ತಿದ್ದಿ.

‘ಸ್ಪೆಕ್ ಆಪ್ಸ್’ನ ಕೊನೆಯಲ್ಲಿ ಕಾನ್ರಾಡ್ ಕುರ್ಚಿಯಲ್ಲಿ ಕೂತ ಹೆಣವಾಗಿ ಸಿಗುತ್ತಾನೆ. ಅವನು ಯಾವಾಗಲೋ ಸತ್ತಿದ್ದ. ರೇಡಿಯೋ ಕೆಟ್ಟಿತ್ತು. ನೇತಾಡುತ್ತಿದ್ದ ಇಬ್ಬರೂ ಮೊದಲೇ ಹೆಣವಾಗಿದ್ದರು. ಇದು ಗೊತ್ತಿದ್ದು ಆಡಿದಾಗ ‘ಹೇಳಿದ್ದು’ ಕಾಲಂನಲ್ಲಿ ಕಾನ್ರಾಡ್ ಅಂತ ಬರೆದ ಕಡೆಯೆಲ್ಲ ಹೊಡೆದುಹಾಕಿ ವಾಕರ್ ಅಂತ ಬರೆಯಬೇಕಾಗುತ್ತದೆ. ನನ್ನ ಹಾಳೆಯಲ್ಲಿ ಅರ್ಧ ಪುಟ ಕೆಂಪಾಯಿತು.

ಶುರುವಿನ ಹೆಲಿಕಾಪ್ಟರ್ ಕಾಳಗ ಕಥೆಯಲ್ಲಿ ಮುಂದೆ ಮತ್ತೆ ಬರುತ್ತದೆ. ಆಗ ವಾಕರ್ ಏನು ಹೇಳುತ್ತಾನೆ ಕೇಳಿ: ಇದನ್ನು ನಾವು ಆಗಲೇ ಮಾಡಿದ್ದೇವಲ್ಲ ಅನ್ನುತ್ತಾನೆ. ಶುರುವಿನ ಹೆಸರುಗಳ ಪಟ್ಟಿಯನ್ನೂ ಈ ಸಲ ಸ್ಕಿಪ್ ಮಾಡಬೇಡಿ. ನಟರ ಹೆಸರುಗಳ ನಡುವೆ ವಿಶೇಷ ಅತಿಥಿ ಎಂದು ಇನ್ನೊಂದು ಹೆಸರು ಬರುತ್ತದೆ. ಅದು ನಿಮ್ಮ ಪ್ರೊಫೈಲ್‌ನಲ್ಲಿರುವ ನಿಮ್ಮದೇ ಹೆಸರು.